ಸೋಫಾ, ಬೀರು, ಮಂಚ: ಎಷ್ಟು ವರ್ಷ ಬಂದರೆ ನ್ಯಾಯ?

ಜಾಜಿ_ಜಯನಗರ:
ನಿನ್ನೆ ಬೆಳಿಗ್ಗೆ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ವಾರ್ಡ್‌ರೋಬ್ ಬಾಗಿಲು ಎಳೆದೆ. ಬಾಗಿಲು ಹಿಂಜ್ ಸಮೇತ ಕೈಗೆ ಬಂತು. ಸ್ಕ್ರೂ ಕೂತಿದ್ದ ಜಾಗದಲ್ಲಿ ಬೆರಳಿಟ್ಟರೆ ಉಪ್ಪಿಟ್ಟಿನ ರವೆ ಥರ ಪುಡಿ ಉದುರುತ್ತಿದೆ. ಬಗ್ಗಿ ನೋಡಿದರೆ ಬಚ್ಚಲಮನೆ ಗೋಡೆಗೆ ತಾಗಿದ ಬದಿ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬಿದೆ.

ಕೊಂಡು ಮೂರು ವರ್ಷ ನಾಲ್ಕು ತಿಂಗಳಾಯಿತು. ಮೂರು ಬಾಗಿಲಿನದು, 27,000 ರೂಪಾಯಿ. ಅದರ ಜೊತೆಗೇ ತಂದ ಸೋಫಾ 46,000. ಅದರ ನಡುವಿನ ಸೀಟು ಎಷ್ಟು ತಗ್ಗಿದೆ ಅಂದರೆ ಕೂತವರು ಏಳಬೇಕಾದರೆ ಯಾರಾದರೂ ಕೈ ಕೊಡಬೇಕು. ಅಂಗಡಿಗೆ ಫೋನ್ ಮಾಡಿದೆ. ವಾರಂಟಿ ಒಂದೇ ವರ್ಷ ಅಂದರು, ಅದು ನನಗೂ ಗೊತ್ತು. ಆಮೇಲೆ ಆ ಹುಡುಗ ಹೇಳಿದ ಮಾತು ಕೇಳಿ: "ಮೂರು ವರ್ಷ ಬಂತಲ್ಲ ಮೇಡಂ, ಇನ್ನೇನು?"

ನಮ್ಮ ಮಾವನವರು ಇದನ್ನೆಲ್ಲ ಕೇಳಿಸಿಕೊಂಡು ಶಿವಮೊಗ್ಗದಿಂದ ತಂದ ಅವರ ಬೆಂಚಿನ ಮೇಲೆ ಕೂತು ನಗುತ್ತಿದ್ದರು. ಅದಕ್ಕೆ ಅರವತ್ತು ವರ್ಷವಂತೆ. ದಿನಕ್ಕೊಮ್ಮೆಯಾದರೂ ಅದರ ಬೆನ್ನು ತಟ್ಟುತ್ತಾರೆ, ಎತ್ತಿನ ಬೆನ್ನು ತಟ್ಟಿದ ಹಾಗೆ.

ನನ್ನ ಪ್ರಶ್ನೆ ಇಷ್ಟೇ. ಅರವತ್ತು ಬೇಡ. ಆದರೆ ಮನೆ ಸಾಮಾನು ಎಷ್ಟು ವರ್ಷ ಬಂದರೆ ನ್ಯಾಯ? ಮೂರು ವರ್ಷಕ್ಕೆ ಸುಮ್ಮನಿರಬೇಕಾ, ಜಗಳ ಆಡಬೇಕಾ?

ಸುಸ್ತಾದ_ಟೆಕ್ಕಿ:
ಮೂರು ವರ್ಷ ಬಂತಾ? ನಮ್ಮದು ಹದಿನೆಂಟು ತಿಂಗಳು. ಪುಣ್ಯವಂತರು ನೀವು.

ಲೆಕ್ಕದ_ಮೇಷ್ಟ್ರು:
27,000ವನ್ನು 40 ತಿಂಗಳಿಗೆ ಭಾಗಿಸಿ. ತಿಂಗಳಿಗೆ 675 ರೂಪಾಯಿ. ಬಾಡಿಗೆಗೆ ತಂದಿದ್ದೆ ಅಂದುಕೊಳ್ಳಿ, ಹೊಟ್ಟೆ ತಣ್ಣಗಾಗುತ್ತೆ. ಸಾಗುವಾನಿಯಲ್ಲಿ ಇದೇ ಅಳತೆಯದು ಮಾಡಿಸಿ ನೋಡಿ, ಆಗ ಗೊತ್ತಾಗುತ್ತೆ. ಎಲ್ಲರಿಗೂ ಅಗ್ಗ ಬೇಕು, ಬಾಳಿಕೆಯೂ ಬೇಕು.

ಜಾಜಿ_ಜಯನಗರ:
ಮೇಷ್ಟ್ರೇ, ಬಾಡಿಗೆಯದಾದರೆ ಕೆಟ್ಟಾಗ ಅವರೇ ಬಂದು ಎತ್ತಿಕೊಂಡು ಹೋಗುತ್ತಾರೆ. ಇದನ್ನು ಎತ್ತಿ ಹಾಕೋದಕ್ಕೂ ನಾನೇ ದುಡ್ಡು ಕೊಡಬೇಕು.

ಬಡಗಿ_ಮಗ:
ಅಪ್ಪ ಆಚಾರ್ರು. ನಾನು ಅದೇ ಕೆಲಸ ಬಿಟ್ಟು ಬ್ಯಾಂಕ್ ಸೇರಿದವನು, ಆದರೂ ಭಾನುವಾರ ಕೈ ಕಡಿಯುತ್ತೆ. ಮೇಡಂ, ನಿಮ್ಮದು ಪಾರ್ಟಿಕಲ್ ಬೋರ್ಡ್. ಮರದ ಚೂರು, ಪುಡಿ, ಅದಕ್ಕೆ ಅಂಟು ಸೇರಿಸಿ ಬಿಸಿಯಲ್ಲಿ ಒತ್ತಿ ಹಲಗೆ ಮಾಡುತ್ತಾರೆ. ಮೇಲೆ ಮರದ ಚಿತ್ರ ಇರುವ ಹಾಳೆ. ಬಿಲ್ಲಿನಲ್ಲಿ ಮಾತ್ರ "ಎಂಜಿನಿಯರ್ಡ್ ವುಡ್". ಈ ಹೆಸರಿನಡಿ ಪಾರ್ಟಿಕಲ್ ಬೋರ್ಡೂ ಬರುತ್ತೆ, ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಬರುತ್ತೆ, ಪ್ಲೈವುಡ್ಡೂ ಬರುತ್ತೆ. ಮೂರಕ್ಕೂ ಅಜಗಜಾಂತರ. ಕೊಳ್ಳುವಾಗ ಯಾವುದು ಅಂತ ಕೇಳಿ ಬಿಲ್ಲಿನಲ್ಲೇ ಬರೆಸಬೇಕು.

ಸ್ಕ್ರೂ ಯಾಕೆ ಕಿತ್ತು ಬಂತು? ಮರದಲ್ಲಿ ಉದ್ದಕ್ಕೆ ನಾರು ಇರುತ್ತೆ, ಸ್ಕ್ರೂ ಆ ನಾರನ್ನು ಕಚ್ಚಿ ಹಿಡಿಯುತ್ತೆ. ಪುಡಿಯಲ್ಲಿ ಕಚ್ಚೋಕೆ ಏನಿದೆ? ಮೊದಲನೇ ಸಲ ಹಿಡಿಯುತ್ತೆ, ಬಿಚ್ಚಿ ಮತ್ತೆ ಅದೇ ತೂತಿಗೆ ಹಾಕಿದರೆ ಅರ್ಧ ಹಿಡಿತ, ಮೂರನೇ ಸಲ ಹಾಕಿದರೆ ದೇವರೇ ಗತಿ. ನೀವು ನಡುವೆ ಮನೆ ಬದಲಾಯಿಸಿದ್ದೀರಾ?

ಜಾಜಿ_ಜಯನಗರ:
ಹೌದು! ಒಂದೂವರೆ ವರ್ಷದ ಹಿಂದೆ. ಪ್ಯಾಕರ್ಸ್ ಹುಡುಗರು ಪೂರ್ತಿ ಬಿಚ್ಚಿ ತಂದು ಮತ್ತೆ ಜೋಡಿಸಿದರು. ಅರ್ಧ ಗಂಟೆಯಲ್ಲಿ ಮುಗಿಸಿ ಬಿಟ್ಟರು, ಎಷ್ಟು ಚುರುಕು ಅಂತ ನಾನೇ ಟಿಪ್ಸ್ ಕೊಟ್ಟೆ.

ಬಡಗಿ_ಮಗ:
ಡ್ರಿಲ್ ಯಂತ್ರಕ್ಕೆ ಬಿಟ್ ಸಿಕ್ಕಿಸಿ ಪೂರ್ತಿ ಜೋರಿನಲ್ಲಿ ಸ್ಕ್ರೂ ಬಿಗಿದಿರುತ್ತಾರೆ. ಅವತ್ತೇ ಒಳಗೆ ತೂತು ಸವೆದು ಹೋಗಿತ್ತು, ನಿಮಗೆ ಗೊತ್ತಾಗಿದ್ದು ನಿನ್ನೆ.

ಇನ್ನೂ ಕೆಟ್ಟಿಲ್ಲ. ಹಲಗೆ ಉಬ್ಬದೆ ಇರೋ ಕಡೆ ಎರಡು ದಾರಿ. ಒಂದು, ತೂತನ್ನು ದೊಡ್ಡದು ಮಾಡಿ ಫೆವಿಕಾಲ್ ಹಚ್ಚಿದ ಮರದ ಬೆಣೆ ಬಡಿದು, ಒಂದು ದಿನ ಒಣಗಲು ಬಿಟ್ಟು, ಆ ಬೆಣೆಗೆ ಹೊಸ ಸ್ಕ್ರೂ ಹಾಕೋದು. ಎರಡು, ಸ್ಕ್ರೂ ಆಟವೇ ಬೇಡ ಅಂತ ಬದಿ ಹಲಗೆಗೆ ಆರಪಾರ ತೂತು ಹೊಡೆದು ನಟ್ಟು ಬೋಲ್ಟು ವಾಷರ್ ಹಾಕೋದು. ನೋಡೋಕೆ ಚೆನ್ನಾಗಿರಲ್ಲ, ಆದರೆ ಬಾಗಿಲು ಮತ್ತೆ ಕೈಗೆ ಬರಲ್ಲ. ಉಬ್ಬಿದ ಭಾಗ ಮಾತ್ರ ವಾಪಸ್ ಬರುವುದಿಲ್ಲ. ನೀರು ಆರಿದರೂ ಉಬ್ಬು ಇಳಿಯಲ್ಲ. ಬೀರುವನ್ನು ಆ ಗೋಡೆಯಿಂದ ಎರಡು ಇಂಚಾದರೂ ಈಚೆ ಎಳೆಯಿರಿ, ಗಾಳಿ ಆಡಲಿ.

ಅಕ್ಕಮ್ಮನ_ಮೊಮ್ಮಗಳು:
ಬೆಂಕಿಕಡ್ಡಿ ತುರುಕಿ ಸ್ಕ್ರೂ ಹಾಕೋದು ನಮ್ಮಮ್ಮನ ವಿಧಾನ. ನಮ್ಮ ಮನೆಯ ಅರ್ಧ ಬಾಗಿಲುಗಳು ಬೆಂಕಿಕಡ್ಡಿಯ ಮೇಲೆ ನಿಂತಿವೆ.

ಬಡಗಿ_ಮಗ:
ಗಟ್ಟಿ ಮರದ ಬಾಗಿಲಿಗೆ ಅದು ನಡೆಯುತ್ತೆ. ಪಾರ್ಟಿಕಲ್ ಬೋರ್ಡಿಗೆ ಒಂದು ತಿಂಗಳು.

ಕುಂದಾಪ್ರದ_ಮಾಣಿ:
ಮಾರಾಯ್ರೇ, ಇದನ್ನು ನಮ್ಮ ಊರಿಗೆ ತಂದಿದ್ದರೆ ಮೂರು ವರ್ಷ ಬೇಡ, ಒಂದು ಮಳೆಗಾಲ ಸಾಕಿತ್ತು. ಜೂನ್‌ನಲ್ಲಿ ಮುಚ್ಚಿದ ಬೀರು ಆಗಸ್ಟ್‌ನಲ್ಲಿ ತೆಗೆದರೆ ಬಟ್ಟೆ, ಚಪ್ಪಲಿ, ಬೆಲ್ಟು ಎಲ್ಲದಕ್ಕೂ ಬಿಳಿ ಬೂಷ್ಟು. ನಮ್ಮಲ್ಲಿ ಅಜ್ಜಿ ಕಾಲದ ಹಲಸಿನ ಮರದ ಪೆಟ್ಟಿಗೆ ಇದೆ. ಹೊಸದರಲ್ಲಿ ಹಳದಿ ಇತ್ತಂತೆ, ಈಗ ಕಾಫಿ ಡಿಕಾಕ್ಷನ್ ಬಣ್ಣ. ಗೆದ್ದಲು ಹತ್ತಿರ ಸುಳಿಯಲ್ಲ. ಮಾಡಿನ ಪಕಾಸು, ಜಂತಿಗಳಿಗೆ ಗೇರೆಣ್ಣೆ ಬಳಿಯುತ್ತಿದ್ದರು, ಗೇರುಬೀಜದ ಸಿಪ್ಪೆಯಿಂದ ತೆಗೆದದ್ದು. ಕೈಗೆ ತಾಗಿದರೆ ಚರ್ಮ ಸುಟ್ಟು ಏಳುತ್ತೆ, ಹುಳ ಬದುಕುತ್ತಾ? ಹಿಂದಿನವರು ಮರ ಅರಿತಿದ್ದರು. ಈಗಿನವರು ಆಫರ್ ಮಾತ್ರ ಅರಿತಿದ್ದಾರೆ.

ವಾದ_ವಿವಾದ:
ಪ್ರತಿ ಸಲ ಈ ಅಜ್ಜ ಅಜ್ಜಿ ಪುರಾಣ. ಸ್ವಾಮಿ, ಅಜ್ಜನ ಕಾಲದಲ್ಲಿ ಮುರಿದ ಕುರ್ಚಿಗಳೂ ಇದ್ದವು. ಅವೆಲ್ಲ ಬಚ್ಚಲ ಒಲೆಗೆ ಹೋದವು, ಅದಕ್ಕೇ ಇವತ್ತು ನಿಮ್ಮ ಕಣ್ಣಿಗೆ ಕಾಣಲ್ಲ. ಉಳಿದ ಒಂದು ಪೆಟ್ಟಿಗೆ ತೋರಿಸಿ "ಹಿಂದಿನದೆಲ್ಲ ಗಟ್ಟಿ" ಅಂದರೆ ಹೇಗೆ?

ಇನ್ನೊಂದು ವಿಷಯ. ಅವತ್ತು ಮನೆಯಲ್ಲಿ ಎಷ್ಟು ಸಾಮಾನು ಇತ್ತು? ಒಂದು ಬೆಂಚು, ಒಂದು ಪೆಟ್ಟಿಗೆ, ಅನುಕೂಲಸ್ಥರಾದರೆ ಒಂದು ಮಂಚ. ಮಿಕ್ಕವರಿಗೆಲ್ಲ ಚಾಪೆ. ಸೋಫಾ ಮೇಲೆ ಮಕ್ಕಳು ಕುಣಿಯೋ ಪ್ರಶ್ನೆಯೇ ಇರಲಿಲ್ಲ, ಸೋಫಾವೇ ಇರಲಿಲ್ಲ.

ಕುಂದಾಪ್ರದ_ಮಾಣಿ:
ಒಲೆಗೆ ಹೋದರೂ ಒಂದು ಹಂಡೆ ನೀರು ಕಾಯಿಸಿ ಹೋಯಿತಲ್ಲ. ಪಾರ್ಟಿಕಲ್ ಬೋರ್ಡು ಒಲೆಗೆ ಹಾಕಿ ನೋಡಿ, ಆ ಅಂಟಿನ ಹೊಗೆ ಕುಡಿದು ನೀವೇ ಹೋಗುತ್ತೀರಿ.

ವಾದ_ವಿವಾದ:
ಇದನ್ನು ಒಪ್ಪಿದೆ.

ಕಾಫಿತೋಟ_ಕಳಸ:
ಮಾಣಿಯವರೇ, ಹಳೆ ಮರ ಅಂದರೆ ಹುಳ ಬರಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ. ಚೇಗು, ಅಂದರೆ ಮರದ ಒಳಗಿನ ಗಟ್ಟಿ ಭಾಗ, ಎಷ್ಟಿದೆ ಅನ್ನೋದು ಮುಖ್ಯ. ನಮ್ಮಲ್ಲೇ ತೋಟದ ಮರ ಕುಯ್ಯಿಸಿ, ಸರಿಯಾಗಿ ಒಣಗಿಸದೆ, ಹೊರಗಿನ ಬಿಳಿ ಭಾಗ ತೆಗೆಯದೆ ಮಂಚ ಮಾಡಿಸಿದೆವು. ಎರಡನೇ ವರ್ಷ ರಾತ್ರಿ ಮಲಗಿದರೆ ಕಿರ್ ಕಿರ್ ಸದ್ದು, ಬೆಳಿಗ್ಗೆ ಮಂಚದ ಕೆಳಗೆ ಅಕ್ಕಿ ಹಿಟ್ಟು ಚೆಲ್ಲಿದ ಹಾಗೆ ಪುಡಿ. ಕುಟ್ಟೆ ಹಿಡಿದಿತ್ತು. ಹಸಿ ಮರದ್ದು ಇನ್ನೊಂದು ಕಾಟ, ಬೇಸಿಗೆಯಲ್ಲಿ ಬಿರುಕು, ಮಳೆಗಾಲದಲ್ಲಿ ಡ್ರಾಯರ್ ಒಳಗೇ ಸಿಕ್ಕಿ ಬೀಳುತ್ತೆ. ಮರ ಅಂದ ತಕ್ಷಣ ಕಣ್ಣು ಮುಚ್ಚಿ ದುಡ್ಡು ಕೊಡಬೇಡಿ.

ಫೋಮ್_ಅಂಗಡಿ:
ಸೋಫಾ ಬಗ್ಗೆ ಯಾರೂ ಮಾತಾಡಲೇ ಇಲ್ಲ, ನಾನು ಹೇಳುತ್ತೇನೆ. ಹದಿನಾಲ್ಕು ವರ್ಷದಿಂದ ಸೋಫಾ ರಿಪೇರಿ, ಹೊಸ ಬಟ್ಟೆ ಹಾಕೋ ಕೆಲಸ. ಸೀಟು ತಗ್ಗೋದಕ್ಕೆ ಎರಡೇ ಕಾರಣ. ಒಂದು ಕೆಳಗಿನ ಪಟ್ಟಿ ಸಡಿಲ ಆಗಿರಬೇಕು, ಇಲ್ಲಾ ಫೋಮ್ ಕಮ್ಮಿ ಡೆನ್ಸಿಟಿಯದು. ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ತೂಗುತ್ತೆ ಅನ್ನೋ ಲೆಕ್ಕ. 32 ಅಂದರೆ 32 ಕೆಜಿ. ದಿನಾ ಕೂರುವ ಸೀಟಿಗೆ ನಾನು 40 ಹಾಕುತ್ತೇನೆ, ಬೆನ್ನಿಗೆ ಅದಕ್ಕಿಂತ ಮೆತ್ತಗಿನದು ನಡೆಯುತ್ತೆ. ಗ್ರಾಹಕರು ಬೆರಳಲ್ಲಿ ಒತ್ತಿ "ಗಟ್ಟಿ ಇದೆ" ಅಂತಾರೆ. ಒತ್ತಿದರೆ ಗಟ್ಟಿ ಇರೋದು ಬೇರೆ, ಡೆನ್ಸಿಟಿ ಬೇರೆ. ಕಮ್ಮಿ ಡೆನ್ಸಿಟಿ ಫೋಮನ್ನೂ ಮುಟ್ಟಿದರೆ ಗಟ್ಟಿ ಅನ್ನಿಸೋ ಹಾಗೆ ಮಾಡಬಹುದು, ವರ್ಷದೊಳಗೆ ಕೂತು ಹೋಗುತ್ತೆ.

ಮೇಡಂ, ನಿಮ್ಮ ಬಿಲ್ಲಿನಲ್ಲಿ ಡೆನ್ಸಿಟಿ ಬರೆದಿದೆಯಾ? ಸೀಟಿನ ಕುಶನ್ ಜಿಪ್ ತೆಗೆದು ಒಳಗಿನ ಫೋಮ್ ಈಚೆ ತೆಗೆಯಿರಿ. ಅಳತೆ ತಗೊಳ್ಳಿ, ಅಡುಗೆಮನೆ ತಕ್ಕಡಿ ಮೇಲೆ ಇಡಿ. 24 ಇಂಚು, 24 ಇಂಚು, 5 ಇಂಚು ದಪ್ಪ ಇದ್ದರೆ 32 ಡೆನ್ಸಿಟಿಯದು ಒಂದೂವರೆ ಕೆಜಿ ತೂಗಬೇಕು. 40 ಆದರೆ ಒಂದು ಕೆಜಿ ಒಂಬೈನೂರು ಗ್ರಾಂ ಹತ್ತಿರ.

ಸುಸ್ತಾದ_ಟೆಕ್ಕಿ:
ಸೋಫಾ ಕೊಳ್ಳೋಕೆ ತಕ್ಕಡಿ ತಗೊಂಡು ಹೋಗಬೇಕು ಅನ್ನಿ. ಕಡಲೆಕಾಯಿ ಪರಿಷೆಗೆ ಹೋದ ಹಾಗೆ.

ಮನೆ_ಮಾಲೀಕ:
ಫೋಮ್ ಅಣ್ಣ, ಲೆದರೆಟ್ ಸೋಫಾ ಸಿಪ್ಪೆ ಸುಲಿಯೋದು ಯಾಕೆ? ನಮ್ಮದು ನಾಲ್ಕನೇ ವರ್ಷ. ಬಂದವರ ಪ್ಯಾಂಟಿಗೆಲ್ಲ ಕರಿ ಚೂರು ಅಂಟುತ್ತೆ.

ಫೋಮ್_ಅಂಗಡಿ:
ಅದು ಬಟ್ಟೆ ಮೇಲೆ ಬಳಿದ ಪಾಲಿಯುರೆಥೇನ್ ಪದರ. ತೇವ, ಬೆವರು, ಎಣ್ಣೆ ಸೇರಿ ಆ ಪದರ ಒಡೆಯುತ್ತೆ. ಎಲ್ಲಿ ಮೊದಲು ಸುಲಿದಿದೆ ನೋಡಿ, ತಲೆ ಒರಗೋ ಜಾಗ, ಆಮೇಲೆ ತೋಳಿನ ತುದಿ. ಕೊಬ್ಬರಿ ಎಣ್ಣೆ ತಲೆ ಇಟ್ಟು ಟೀವಿ ನೋಡೋ ಮನೆಗೆ ಅದನ್ನು ಕೊಡಲೇಬಾರದು. ನಾನು ಬರುವ ಗಿರಾಕಿಗಳಿಗೆಲ್ಲ ಹೇಳೋದು ಒಂದೇ, ಬಟ್ಟೆ ಹಾಕಿಸಿ, ಕವರ್ ತೆಗೆದು ಒಗೆಯೋ ಹಾಗೆ ಹೊಲಿಸಿ. ಕೇಳಲ್ಲ. ಲೆದರ್ ಥರ ಕಾಣಬೇಕು.

ಮನೆ_ಮಾಲೀಕ:
ಸರಿಯಾಗಿ ಹೇಳಿದಿರಿ. ನಮ್ಮ ತಂದೆ ಕೂರೋ ಮೂಲೆಯಲ್ಲೇ ಸುಲಿದಿದೆ. ಎಣ್ಣೆ ಹಚ್ಚಬೇಡಿ ಅಂತ ಅವರಿಗೆ ಹೇಳೋದಕ್ಕಿಂತ ಸೋಫಾ ಬದಲಾಯಿಸೋದೇ ಸುಲಭ.

ಹುಬ್ಬಳ್ಳಿ_ಹುಡುಗ:
ನಮ್ಮ ಕಡೆ ಹೊರಸು ಇರುತ್ತದ್ರೀ. ನಾಲ್ಕು ಕಾಲು, ನಾಲ್ಕು ಪಟ್ಟಿ, ನಡುವೆ ಹಗ್ಗ. ಹಗ್ಗ ಸಡಿಲಾದರೆ ಕಾಲ ಕಡೆ ಬಿಗಿಯಬೇಕು, ಹರಿದರೆ ಹೊಸದು ಹೆಣೆಯಬೇಕು. ನಮ್ಮ ಮುತ್ಯಾ ಅದನ್ನ ಅಂಗಳದಲ್ಲಿ ಹಾಕಿ ಮಲಗುತ್ತಿದ್ದರು, ಮಳೆ ಬಂದರೆ ಒಬ್ಬರೇ ಹೊತ್ತು ಒಳಗೆ ತರುತ್ತಿದ್ದರು. ನಿಮ್ಮ ಬೆಂಗಳೂರಿನ ಹೈಡ್ರಾಲಿಕ್ ಮಂಚ ಎತ್ತೋಕೆ ನಾಲ್ಕು ಜನ ಬೇಕು, ಕೆಟ್ಟರೆ ಕಂಪನಿಯವರೇ ಬರಬೇಕು.

ಲೆಕ್ಕದ_ಮೇಷ್ಟ್ರು:
ಹೊರಸಿನ ಮೇಲೆ ಮಲಗಿ ಒಂದು ವಾರ ಆಫೀಸಿಗೆ ಹೋಗಿ ನೋಡಿ, ಬೆನ್ನು ಮಾತಾಡುತ್ತೆ.

ಹುಬ್ಬಳ್ಳಿ_ಹುಡುಗ:
ನಿಮ್ಮ ಬೆನ್ನು ಆಫೀಸ್ ಕುರ್ಚಿಯಲ್ಲೇ ಹೋಗಿರುತ್ತದೆ ಸರ್, ಹೊರಸಿನ ಮೇಲೆ ಯಾಕೆ ಹಾಕುತ್ತೀರಿ?

ಲೀಡ್ಸ್_ಕನ್ನಡತಿ:
ನಾನಿರುವ ಇಂಗ್ಲೆಂಡಿನ ವಿಷಯ ಹೇಳುತ್ತೇನೆ, ಹೋಲಿಕೆಗೆ. ಇಲ್ಲಿ 2015ರ ಗ್ರಾಹಕರ ಹಕ್ಕುಗಳ ಕಾಯ್ದೆಯಲ್ಲಿ ಮಾರಿದ ವಸ್ತು ತೃಪ್ತಿಕರ ಗುಣಮಟ್ಟದ್ದಾಗಿರಬೇಕು ಅಂತ ಇದೆ, ಆ ಗುಣಮಟ್ಟದಲ್ಲಿ ಬಾಳಿಕೆಯೂ ಸೇರುತ್ತೆ. ಅಂಗಡಿಯ ವಾರಂಟಿ ಮುಗಿದರೂ ಈ ಹಕ್ಕು ಮುಗಿಯಲ್ಲ. ಇಂಗ್ಲೆಂಡಿನಲ್ಲಿ ಆರು ವರ್ಷದವರೆಗೆ ಕೇಸ್ ಹಾಕಬಹುದು, ಸ್ಕಾಟ್ಲೆಂಡಿನಲ್ಲಿ ಐದು.

ಆದರೆ ಆರು ವರ್ಷ ಬಾಳಿಕೆ ಬರಲೇಬೇಕು ಅಂತ ಅರ್ಥ ಅಲ್ಲ, ಇದನ್ನು ಇಲ್ಲಿಯವರೂ ತಪ್ಪು ತಿಳಿಯುತ್ತಾರೆ. ಎಷ್ಟು ಬೆಲೆ ಕೊಟ್ಟಿರಿ, ಹೇಗೆ ಬಳಸಿದಿರಿ ಅನ್ನೋದೆಲ್ಲ ನೋಡುತ್ತಾರೆ. ಮೊದಲ ಆರು ತಿಂಗಳಲ್ಲಿ ಕೆಟ್ಟರೆ ದೋಷ ಇರಲಿಲ್ಲ ಅಂತ ಅಂಗಡಿಯವರು ತೋರಿಸಬೇಕು. ಆಮೇಲೆ ಕೆಟ್ಟರೆ ದೋಷ ಮೊದಲೇ ಇತ್ತು ಅಂತ ನಾವು ತೋರಿಸಬೇಕು.

ಮಜಾ ಏನು ಗೊತ್ತಾ, ಇಲ್ಲಿ ಹಳೆ ಸೋಫಾ ದಾನ ಕೊಡೋಕೂ ಕಷ್ಟ. ಬೆಂಕಿ ಸುರಕ್ಷತೆಯ ಚೀಟಿ ಹೊಲಿದಿರಬೇಕು. ನನ್ನದರಲ್ಲಿ ಆ ಚೀಟಿ ಚುಚ್ಚುತ್ತೆ ಅಂತ ಮೊದಲ ವಾರವೇ ಕತ್ತರಿಸಿ ಎಸೆದಿದ್ದೆ. ಚಾರಿಟಿ ಅಂಗಡಿಯವರು ಚೆನ್ನಾಗಿದ್ದ ಸೋಫಾವನ್ನೇ ಬೇಡ ಅಂದರು.

ಕೋರ್ಟ್_ಹಕ್ಕಿ:
ನಮ್ಮಲ್ಲಿ ಸೋಫಾ ಇಷ್ಟು ವರ್ಷ ಬರಬೇಕು ಅಂತ ಕಾನೂನಿನಲ್ಲಿ ಬರೆದಿಲ್ಲ. ಆದರೆ ವಾರಂಟಿ ಮುಗಿಯಿತು, ಇನ್ನು ಬಾಯಿ ಮುಚ್ಚಿ ಅನ್ನೋದೂ ಸರಿಯಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವಸ್ತುವಿನ ದೋಷಕ್ಕೂ ದೂರು ಕೊಡಬಹುದು, ಸುಳ್ಳು ಹೇಳಿ ಮಾರಿದ್ದಕ್ಕೂ ಕೊಡಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ನಿಮ್ಮ ಎದುರು ಪಾರ್ಟಿ ಮೊದಲು ಎತ್ತೋದೇ ಈ ಮಾತು, ಕೊಂಡ ದಿನದಿಂದಲೇ ಎಣಿಸುತ್ತಾರೆ. ನೀವು ದೋಷ ಗೊತ್ತಾದ ದಿನ ಹಿಡಿದು ವಾದಿಸಬೇಕಾಗುತ್ತೆ.

ಐದು ಲಕ್ಷದ ಒಳಗಿನ ವಸ್ತುವಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ. ಎಷ್ಟೋ ಕಂಪನಿಗಳು ಅಷ್ಟಕ್ಕೇ ದಾರಿಗೆ ಬರುತ್ತವೆ. ಫೋನಿನಲ್ಲಿ ಅಂಗಡಿಯ ಹುಡುಗನ ಜೊತೆ ವಾದ ಬೇಡ, ಅವನ ಸಂಬಳವೂ ಆ ಸೋಫಾದಷ್ಟೇ. ಇಮೇಲ್ ಮಾಡಿ, ಫೋಟೋ ಹಾಕಿ, ದಿನಾಂಕ ಇರಲಿ.

ಸುಸ್ತಾದ_ಟೆಕ್ಕಿ:
ಎರಡು ಸಲ ರಜೆ ಹಾಕಿ ಆಯೋಗಕ್ಕೆ ಅಲೆದರೆ ವಾರ್ಡ್‌ರೋಬ್ ದುಡ್ಡು ಅಲ್ಲೇ ಹೋಯಿತು.

ಕೋರ್ಟ್_ಹಕ್ಕಿ:
ಎಲ್ಲರೂ ಹೀಗೇ ಲೆಕ್ಕ ಹಾಕುತ್ತಾರೆ ಅಂತ ಅವರಿಗೂ ಗೊತ್ತು ಗುರು.

ಗೃಹಿಣಿ_ಮಂಡ್ಯ:
ಒಂದು ಮಾತು ಕೇಳಲಾ? ನೀವೆಲ್ಲ ಮನೆ ಹೇಗೆ ಒರೆಸುತ್ತೀರಿ? ನಮ್ಮತ್ತೆ ಹಬ್ಬ ಬಂತು ಅಂದರೆ ಮನೆ ಒರೆಸಲ್ಲ, ತೊಳೆಯುತ್ತಾರೆ. ಬಕೆಟ್‌ಗಟ್ಟಲೆ ನೀರು, ಪೊರಕೆ, ಸೋಪಿನ ಪುಡಿ, ನೀರೆಲ್ಲ ಬಾಗಿಲಾಚೆ. ಮೊದಲು ಕಲ್ಲಿನ ನೆಲ, ಮರದ ಬೆಂಚು, ಏನೂ ಆಗುತ್ತಿರಲಿಲ್ಲ. ಮಗನ ಓದೋ ಮೇಜಿನ ಕಾಲು ಒಂದು ಯುಗಾದಿ, ಒಂದು ಗೌರಿ ಹಬ್ಬ ಕಂಡಿತು. ದೀಪಾವಳಿಗೆ ಬುಡ ಹೂವಿನ ಹಾಗೆ ಅರಳಿತ್ತು.

ಅಕ್ಕಮ್ಮನ_ಮೊಮ್ಮಗಳು:
ಅಯ್ಯೋ ನಮ್ಮನೆಯಲ್ಲೂ ಇದೇ. ಕಂಪನಿ ಪುಸ್ತಕದಲ್ಲಿ "ಒದ್ದೆ ಬಟ್ಟೆ ತಾಗಿಸಬೇಡಿ" ಅಂತ ಬರೆದಿದೆ. ಒದ್ದೆ ಬಟ್ಟೆ ತಾಗದ ಮನೆ ಕನ್ನಡನಾಡಿನಲ್ಲಿ ಎಲ್ಲಿದೆ ತೋರಿಸಿ.

ವಾದ_ವಿವಾದ:
ಹಾಗಾದರೆ ತಪ್ಪು ಕಂಪನಿಯದಾ, ಅತ್ತೆಯದಾ?

ಗೃಹಿಣಿ_ಮಂಡ್ಯ:
ಈ ಪ್ರಶ್ನೆಗೆ ಉತ್ತರ ಬರೆದು ನಾನು ಮನೆಯಲ್ಲಿ ಇರಬೇಕಾ ಬೇಡವಾ?

ಬಡಗಿ_ಮಗ:
ಇಲ್ಲಿ ಮಾರುವವರು ಇಲ್ಲಿಯ ಮನೆ ಹೇಗಿರುತ್ತೆ ಅಂತ ತಿಳಿದು ಮಾಡಬೇಕು. ಮೇಜಿನ ಕಾಲಿಗೆ ಅರ್ಧ ಇಂಚಿನ ಪ್ಲಾಸ್ಟಿಕ್ ಬುಡ ಹಾಕಿದ್ದರೆ ಮುಗಿಯಿತು. ಎಷ್ಟು ಖರ್ಚು ಅದಕ್ಕೆ? ಅಡುಗೆಮನೆಗೆ, ಬಚ್ಚಲ ಪಕ್ಕದ ಗೋಡೆಗೆ ನಾವು 710 ಪ್ಲೈ ಬಿಟ್ಟು ಬೇರೆ ಹಾಕಲ್ಲ. ಐಎಸ್ ಅಂದರೆ ಭಾರತೀಯ ಮಾನಕ. ಐಎಸ್ 710 ಅಂದರೆ ಮೆರೈನ್ ಪ್ಲೈ, 72 ಗಂಟೆ ಕುದಿಸಿದರೂ ಪದರ ಬಿಡಬಾರದು ಅನ್ನೋ ಪರೀಕ್ಷೆ ಅದಕ್ಕೆ. ಐಎಸ್ 303ರ ಎಂಆರ್ ಪ್ಲೈ ತೇವ ತಡೆಯುತ್ತೆ, ನೀರು ತಡೆಯಲ್ಲ. ಅಂಗಡಿಯಲ್ಲಿ ಎಂಆರ್ ಅಂದಾಗ ಜನ ವಾಟರ್‌ಪ್ರೂಫ್ ಅಂತಲೇ ತಿಳಿಯುತ್ತಾರೆ, ಅಂಗಡಿಯವರು ಅಲ್ಲ ಅಂತ ಹೇಳಲ್ಲ.

ಮನೆ_ಮಾಲೀಕ:
ಮೈಸೂರು ರಸ್ತೆ ಟಿಂಬರ್ ಯಾರ್ಡ್ ಕಡೆ ಹೋಗಿ ಪ್ಲೈ ನಾವೇ ಆರಿಸಿ ತಂದು ಬಡಗಿ ಕೈಲಿ ಮಾಡಿಸಿದೆವು. ರೆಡಿಮೇಡಿಗಿಂತ ಜಾಸ್ತಿಯೇ ಆಯಿತು, ಸುಳ್ಳು ಹೇಳಲ್ಲ. ಎರಡು ವಾರ ಮನೆ ತುಂಬ ಧೂಳು, ಬಡಗಿ ನಡುವೆ ಊರಿಗೆ ಹೋಗಿ ಹತ್ತು ದಿನ ನಾಪತ್ತೆ. ಆದರೆ ಒಂಬತ್ತು ವರ್ಷ ಆಯಿತು, ಒಂದು ಹಿಂಜ್ ಬದಲಾಯಿಸಿದ್ದು ಬಿಟ್ಟರೆ ಏನೂ ಇಲ್ಲ.

ಸ್ಟೀಲ್_ಸುಬ್ಬಿ:
ಯಾರೂ ಕಬ್ಬಿಣದ ಬೀರು ಹೆಸರೇ ಎತ್ತಲಿಲ್ಲವಲ್ಲ! ಗೋದ್ರೇಜ್‌ನವರು 1923ರಿಂದ ಮಾಡುತ್ತಿದ್ದಾರೆ. ನಮ್ಮಮ್ಮನ ಮದುವೆಯದು ಇನ್ನೂ ಇದೆ. ಬಾಗಿಲ ಕನ್ನಡಿಯ ಮೂಲೆಯಲ್ಲಿ ನಾನು ಚಿಕ್ಕವಳಿದ್ದಾಗ ಅಂಟಿಸಿದ ಬಿಂದಿ ಗುರುತೂ ಇದೆ. ಹಿಡಿ ತಿರುಗಿಸಿದರೆ "ಕಟಕ್" ಅನ್ನೋ ಸದ್ದಿಗೆ ಇಡೀ ಮನೆಗೆ ಗೊತ್ತಾಗುತ್ತಿತ್ತು, ಯಾರೋ ದುಡ್ಡು ತೆಗೆದರು ಅಂತ.

ಲೆಕ್ಕದ_ಮೇಷ್ಟ್ರು:
ಈಗ ಲೋಕಲ್ ಬೀರುಗಳ ತಗಡು ಗುದ್ದಿದರೆ ತಗ್ಗುತ್ತೆ. ಗೇಜ್ ಕೇಳಿ ತಗೊಳ್ಳಿ. 20 ಗೇಜ್ ದಪ್ಪ, 22 ತೆಳು. ಅಂಕಿ ಜಾಸ್ತಿ ಆದಷ್ಟೂ ತಗಡು ತೆಳ್ಳಗೆ. ಇದು ಗೊತ್ತಿಲ್ಲದೆ ನಮ್ಮ ಭಾಮೈದ 22 ಅಂದರೆ ಮೇಲಿನದು ಅಂತ ಜಾಸ್ತಿ ದುಡ್ಡು ಕೊಟ್ಟು ಬಂದ.

ಜಾಜಿ_ಜಯನಗರ:
ಫೋಮ್ ಅಣ್ಣಾ, ತೂಗಿದೆ! ನಡುವಿನ ಸೀಟು 24, 24, 5 ಇಂಚೇ. ಒಂದು ಕೆಜಿ ನೂರು ಗ್ರಾಂ. ಬಿಲ್ಲು ಹುಡುಕಿ ತೆಗೆದೆ, ಅದರಲ್ಲಿ "32 ಡೆನ್ಸಿಟಿ ಪಿಯು ಫೋಮ್" ಅಂತ ಅಚ್ಚಾಗಿದೆ.

ಫೋಮ್_ಅಂಗಡಿ:
ಹಾಗಾದರೆ 23 ಆಯಿತು. ಮೂರು ವರ್ಷ ಕೂತರೆ ಫೋಮ್ ತಗ್ಗುತ್ತೆ, ತೂಕ ಇಷ್ಟು ಇಳಿಯಲ್ಲ. ಹರಿದು ಉದುರಿದ್ದರೆ ಬೇರೆ ಮಾತು. ದಪ್ಪ ಅಳೆದಿದ್ದು ಮೂಲೆಯಲ್ಲಾ, ನಡುವೆಯಾ?

ಜಾಜಿ_ಜಯನಗರ:
ಮೂಲೆಯಲ್ಲಿ ಐದು. ನಡುವೆ ಮೂರೂವರೆಯೂ ಇಲ್ಲ. ಎಲ್ಲೂ ಹರಿದಿಲ್ಲ.

ಕೋರ್ಟ್_ಹಕ್ಕಿ:
ಮೇಡಂ, ವಾರ್ಡ್‌ರೋಬ್ ಬಿಡಿ, ಸೋಫಾ ಹಿಡಿಯಿರಿ. ಎಷ್ಟು ವರ್ಷ ಬರಬೇಕಿತ್ತು ಅನ್ನೋ ಜಗಳ ಗೆಲ್ಲೋದು ಕಷ್ಟ. ಬರೆದದ್ದು ಒಂದು, ಕೊಟ್ಟಿದ್ದು ಇನ್ನೊಂದು ಅನ್ನೋದಕ್ಕೆ ನಿಮ್ಮ ಹತ್ತಿರ ಬಿಲ್ಲೇ ಇದೆ. ತಕ್ಕಡಿಯ ಮೇಲೆ ಫೋಮ್ ಇಟ್ಟು, ಅಂಕಿ ಕಾಣೋ ಹಾಗೆ ಫೋಟೋ ತೆಗೆಯಿರಿ. ಪಕ್ಕದಲ್ಲಿ ಟೇಪು ಹಿಡಿದದ್ದೂ ಇರಲಿ.

ಲೆಕ್ಕದ_ಮೇಷ್ಟ್ರು:
ಅಗ್ಗ ಬೇಕು, ಬಾಳಿಕೆಯೂ ಬೇಕು ಅಂದ ನನ್ನ ಮಾತು ವಾಪಸ್ ತಗೊಳ್ಳುತ್ತೇನೆ. ಸೋಫಾ ಮಟ್ಟಿಗೆ. ವಾರ್ಡ್‌ರೋಬಿಗೆ ಅಲ್ಲ.

ಬೆತ್ತದ_ಕುರ್ಚಿ:
ವಿಷಯ ಬಿಟ್ಟು ಕೇಳುತ್ತಿದ್ದೇನೆ, ಬೈಬೇಡಿ. ಮೈಸೂರಿನಲ್ಲಿ ಬೆತ್ತದ ಕುರ್ಚಿ ಹೆಣೆಯುವವರು ಯಾರಾದರೂ ಇದ್ದಾರಾ? ತಾತನ ಆರಾಮ ಕುರ್ಚಿ, ಬೀಟೆ ಮರ, ಚೌಕಟ್ಟು ಕಲ್ಲಿನ ಹಾಗಿದೆ. ಸೀಟಿನ ನಡುವೆ ಮಾತ್ರ ತೂತು. ಒಬ್ಬರು ಬಂದು ಪ್ಲಾಸ್ಟಿಕ್ ಹಾಕಿ ಕೊಡುತ್ತೇನೆ ಅಂದರು, ಮನಸ್ಸು ಒಪ್ಪಲಿಲ್ಲ.

ಕಾಫಿತೋಟ_ಕಳಸ:
ಪ್ಲಾಸ್ಟಿಕ್ ಬೇಡ, ಬೇಸಿಗೆಯಲ್ಲಿ ಬೆನ್ನಿಗೆ ಅಂಟುತ್ತೆ. ಸಿಗೋವರೆಗೆ ಹಲಗೆ ಇಟ್ಟು ದಿಂಬು ಹಾಕಿ ಕೂತುಕೊಳ್ಳಿ. ಉಳಿದ ಬೆತ್ತ ಒಣಗಿ ಮುರಿಯದ ಹಾಗೆ ಆಗಾಗ ಕೆಳಗಿನಿಂದ ಒದ್ದೆ ಬಟ್ಟೆ ತಾಗಿಸಿ.

ಅಕ್ಕಮ್ಮನ_ಮೊಮ್ಮಗಳು:
ನೋಡಿ, ಒದ್ದೆ ಬಟ್ಟೆ ತಾಗಿಸಬಹುದಾದ ಸಾಮಾನೂ ಇದೆ!

ಜಾಜಿ_ಜಯನಗರ:
ಹನ್ನೊಂದು ದಿನ ಆಯಿತು, ಏನಾಯಿತು ಅಂತ ಹೇಳಿ ಬಿಡುತ್ತೇನೆ.

ವಾರ್ಡ್‌ರೋಬಿಗೆ ಆಚಾರ್ರು ಬಂದಿದ್ದರು. ಬಡಗಿ ಮಗ ಹೇಳಿದ ಎರಡನೇ ದಾರಿಯನ್ನೇ ಹಿಡಿದರು, ನಾನು ಬಾಯಿ ಬಿಡೋ ಮೊದಲೇ. ಬದಿಯಲ್ಲಿ ನಾಲ್ಕು ಬೋಲ್ಟಿನ ತಲೆ ಕಾಣುತ್ತೆ, ಟ್ರಂಕಿಗೆ ಮೊಳೆ ಹೊಡೆದ ಹಾಗೆ. ಮಗಳು ಅವಕ್ಕೆ ಕಣ್ಣು ಮೂಗು ಬರೆದಿದ್ದಾಳೆ. ಉಬ್ಬಿದ ಬುಡ ಕುಯ್ದು ಪ್ಲೈ ತುಂಡು ಕೂರಿಸಿದರು. ಎಲ್ಲ ಸೇರಿ 1,400 ರೂಪಾಯಿ, ಎರಡು ಲೋಟ ಕಾಫಿ.

ಸೋಫಾದವರಿಗೆ ಫೋಟೋ, ಬಿಲ್ಲು ಎರಡೂ ಹಾಕಿ ಇಮೇಲ್ ಮಾಡಿದೆ. ಮೂರು ದಿನ ಸದ್ದಿಲ್ಲ. 1915ಕ್ಕೆ ದೂರು ಬರೆಸಿ ನಂಬರ್ ಕಳಿಸಿದ ಮೇಲೆ ಬೇರೆಯವರು ಫೋನ್ ಮಾಡಿದರು, ಮೂರು ಸೀಟಿಗೂ ಫೋಮ್ ಬದಲಾಯಿಸಿ ಕೊಡುತ್ತಾರಂತೆ. "ಗುಡ್‌ವಿಲ್" ಅಂತೆ! ತಪ್ಪು ಅಂತ ಬಾಯಿ ಬಿಡಲಿಲ್ಲ. ಬಂದಾಗ ತೂಗಿಯೇ ಒಳಗೆ ಬಿಡುತ್ತೇನೆ, ತಕ್ಕಡಿ ಹಾಲ್‌ನಲ್ಲೇ ಇಟ್ಟಿದ್ದೇನೆ.

ಇನ್ನೊಂದು. ಆಚಾರ್ರು ಹೊರಡುವಾಗ ಮಾವನವರ ಬೆಂಚು ನೋಡಿ ನಿಂತರು. ಬಗ್ಗಿಸಿ ನೋಡಲಾ ಅಂದರು. ಮಾವನವರು ಹೆಮ್ಮೆಯಿಂದ ನೋಡಿ ನೋಡಿ ಅಂದರು. ಅಡಿಮೇಲು ಮಾಡಿದರೆ ಒಂದು ಕಾಲಿನ ಬಣ್ಣವೇ ಬೇರೆ. ಸಾಗುವಾನಿ ಬೆಂಚಿಗೆ ಮತ್ತಿ ಮರದ ಕಾಲು ಅಂದರು ಆಚಾರ್ರು. ಅಡ್ಡಪಟ್ಟಿಯೂ ಹೊಸದು, ಕೂರೋ ಹಲಗೆಯನ್ನು ಒಂದು ಸಲ ತಿರುವಿ ಹಾಕಿದ ಗುರುತು ಇದೆ, ಹಳೆ ತೂತುಗಳಿಗೆ ಮರದ ಮೊಳೆ ಬಡಿದು ಮುಚ್ಚಿದ್ದಾರೆ. ಮಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು, ನಮ್ಮಣ್ಣ ರಿಪೇರಿ ಮಾಡಿಸಿದ್ದ. ಎರಡು ಸಲ ಇರಬೇಕು" ಅಂದರು. ಅರವತ್ತು ವರ್ಷದಲ್ಲಿ ಇದನ್ನು ಒಂದು ಸಲವೂ ಹೇಳಿರಲಿಲ್ಲ.

ವಾದ_ವಿವಾದ:
ಹಾಗಾದರೆ ಅದು ಅದೇ ಬೆಂಚಾ?

ಜಾಜಿ_ಜಯನಗರ:
ಅದನ್ನು ನೀವೇ ಬಂದು ಮಾವನವರ ಹತ್ತಿರ ಕೇಳಿ. ನಾನು ಒಳಗೆ ಅಡುಗೆಮನೆಯಲ್ಲಿರುತ್ತೇನೆ.

ಬೆತ್ತದ_ಕುರ್ಚಿ:
ಮೇಡಂ, ಆ ಆಚಾರ್ರು ಬೆತ್ತದ ಕೆಲಸ ಮಾಡುತ್ತಾರಾ ಕೇಳಿ ಹೇಳುತ್ತೀರಾ? ಕುರ್ಚಿ ಬೆಂಗಳೂರಿಗೇ ತಂದು ಕೊಡುತ್ತೇನೆ.